ಎರಡು ಗೆರೆ ಕೂಡಿದಲ್ಲಿ

ಒಂದು ಅಕ್ಷರ ಇನ್ನೊಂದು ಅಕ್ಷರದ ಮೇಲೆ ದಾವೆ ಹೂಡಿದ ಕಥೆಯೊಂದು ಗ್ರೀಕ್ ಸಾಹಿತ್ಯದಲ್ಲಿದೆ. ಕ್ರಿ.ಶ. ಎರಡನೆಯ ಶತಮಾನದ ಲೂಸಿಯನ್ ಎಂಬ ವಿಡಂಬನಕಾರನ ಹೆಸರಿನಲ್ಲಿ ಅದು ಬಂದಿದೆ. ನ್ಯಾಯಪೀಠದಲ್ಲಿ ಕೂತವರು ಏಳು ಸ್ವರಗಳು. ಫಿರ್ಯಾದಿ ಸಿಗ್ಮಾ, ಆರೋಪಿ ತೌ. ನನ್ನ ಜಾಗವನ್ನೆಲ್ಲ ಇವನು ಕಬಳಿಸುತ್ತಿದ್ದಾನೆ ಎಂಬುದು ಸಿಗ್ಮಾನ ಅಳಲು. ಸಮುದ್ರಕ್ಕೆ ‘ಥಲಸ್ಸ’ ಎನ್ನುತ್ತಿದ್ದ ಜನ ಅಥೆನ್ಸಿನವರ ಉಚ್ಚಾರ ಕಲಿತು ‘ಥಲತ್ತ’ ಎನ್ನತೊಡಗಿದ್ದರು. ಪಾಲು ಹಾಲಾದಾಗ, ಪೂವು ಹೂವಾದಾಗ ನಮ್ಮ ಪಕಾರ ಹಕಾರದ ಮೇಲೆ ದೂರು ಕೊಟ್ಟಿದ್ದರೆ ಹೇಗಿರುತ್ತಿತ್ತೋ ಹಾಗೆ. ವಾದ ನಗುನಗುತ್ತಲೇ ಸಾಗುತ್ತದೆ. ಕೊನೆಗೆ ಸಿಗ್ಮಾ ಹೊರಿಸುವ ಆರೋಪ ಮಾತ್ರ ಬೆನ್ನು ನಡುಗಿಸುವಂಥದು. ದೊರೆಗಳು ಈ ತೌನ ಆಕಾರವನ್ನು ನೋಡಿಯೇ ಮರ ಕಡಿದು ಜೋಡಿಸಿ ಮನುಷ್ಯರನ್ನು ಅದಕ್ಕೆ ಏರಿಸಿದರು. ಆ ದುಷ್ಟ ವಸ್ತುವಿಗೆ ಹೆಸರು ಕೂಡ ಇವನಿಂದಲೇ ಬಂತು. ಆದ್ದರಿಂದ ಇವನನ್ನು ಇವನದೇ ಆಕಾರದ ಮೇಲೆ ಏರಿಸಿ ಎಂದು ಅದು ಬೇಡುತ್ತದೆ.

ಲೂಸಿಯನ್ ಕ್ರೈಸ್ತನಲ್ಲ. ಅವನ ಕಾಲಕ್ಕೆ ಶಿಲುಬೆ ಎಂದರೆ ಕೊರಳಿಗೆ ಹಾಕಿಕೊಳ್ಳುವ ವಸ್ತುವೂ ಅಲ್ಲ. ಗುಲಾಮರನ್ನೂ ದಂಗೆಕೋರರನ್ನೂ ರೋಮನ್ನರು ಊರಾಚೆ, ದಾರಿಯ ಬದಿಯಲ್ಲಿ ಎಲ್ಲರೂ ನೋಡುವಂತೆ ಕೊಲ್ಲುತ್ತಿದ್ದ ಸಾಧನ ಅದು. ಮೇಲೊಂದು ಅಡ್ಡಪಟ್ಟಿ, ಕೆಳಗೊಂದು ನಿಲುವು ಇರುವ ಒಂದು ಅಕ್ಷರ ಕಂಡರೆ ಅಂದಿನ ಓದುಬಲ್ಲವನಿಗೆ ಆ ಮರದ ನೆನಪಾಗುತ್ತಿತ್ತು. ಅಕ್ಷರಕ್ಕೂ ಶಿಲುಬೆಗೂ ನಂಟು ಕಟ್ಟಿದವರು ಗೂಢವಿದ್ಯೆಯವರೇ ಎಂದು ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. ಆ ನಂಟು ಮೊದಲು ಹುಟ್ಟಿದ್ದು ಭಯದಲ್ಲಿ, ಬೀದಿಯಲ್ಲಿ.

ಈ ನಂಟಿನ ಹಿಂದೆ ಹೋಗಬೇಕೆಂದು ನನಗೆ ಬಹಳ ದಿನಗಳಿಂದ ಆಸೆ. ಶಿಲುಬೆ, ಪ್ರಾಚೀನ ಲಿಪಿ, ರಹಸ್ಯ ಈ ಮೂರೂ ಸೇರಿದರೆ ಇಂದು ಒಳ್ಳೆಯ ವ್ಯಾಪಾರ. ಪದಕಗಳು, ಭವಿಷ್ಯದ ಚೀಟಿಗಳು, ದಪ್ಪ ಕಾದಂಬರಿಗಳು ಎಲ್ಲದರಲ್ಲೂ ‘ಹಳೆಯ ಅಕ್ಷರದಲ್ಲಿ ಅಡಗಿದ ಶಕ್ತಿ’ಯ ಮಾತೇ. ಗೆರೆಯೊಳಗೆ ಶಕ್ತಿ ಇದೆಯೆಂದು ನಾನು ನಂಬುವುದಿಲ್ಲ. ಆದರೆ ಈ ಗೆರೆಯನ್ನು ಹಿಡಿದುಕೊಂಡು ಜನ ಏನೇನು ಬೇಡಿದರು, ಯಾವುದಕ್ಕೆ ಅಂಜಿದರು, ಯಾರನ್ನು ಉಳಿಸಿಕೊಳ್ಳಲು ನೋಡಿದರು ಎಂಬ ಚರಿತ್ರೆ ನಿಜವಾದದ್ದು. ಮಾರುಕಟ್ಟೆಯ ರಹಸ್ಯಕ್ಕಿಂತ ಅದು ಎಷ್ಟೋ ಆಳವಾದದ್ದು ಎಂಬುದು ನನ್ನ ಮಾತು.

ಗ್ರೀಕರ ತೌ ಗ್ರೀಕರದಲ್ಲ. ಕ್ರಿ.ಪೂ. ಎಂಟನೆಯ ಶತಮಾನದ ಹೊತ್ತಿಗೆ ಅವರು ಫಿನೀಷಿಯದ ವ್ಯಾಪಾರಿಗಳಿಂದ ಅಕ್ಷರಮಾಲೆಯನ್ನು ಕಡ ಪಡೆದರು. ಅದರಲ್ಲಿ 22 ಅಕ್ಷರ. ಇಪ್ಪತ್ತೆರಡನೆಯದು, ಕಟ್ಟಕಡೆಯದು, ತಾವ್. ಅದನ್ನು ಬರೆಯುತ್ತಿದ್ದ ರೀತಿ ಒಂದೋ ನಮ್ಮ ಲೆಕ್ಕದ ಕೂಡುವ ಚಿಹ್ನೆಯಂತೆ, ಇಲ್ಲವೇ ಗುಣಿಸುವ ಚಿಹ್ನೆಯಂತೆ. ಎರಡು ಗೆರೆ, ಒಂದನ್ನೊಂದು ಅಡ್ಡಹಾಯುತ್ತವೆ, ಅಷ್ಟೆ. ಗ್ರೀಕರ ಕೈಯಲ್ಲಿ ಮೇಲಿನ ತುದಿ ಮೊಟಕಾಗಿ ಅದು ತೌ ಆಯಿತು.

ಫಿನೀಷಿಯಕ್ಕಿಂತ ಹಿಂದೆ ಹೋದರೆ ಸಿನಾಯ್ ಮರುಭೂಮಿ ಸಿಗುತ್ತದೆ. ಅಲ್ಲಿ ಸೆರಾಬಿತ್ ಅಲ್ ಖಾದಿಮ್ ಎಂಬಲ್ಲಿ ಈಜಿಪ್ಟಿನ ಅರಸರು ವೈಡೂರ್ಯದಂಥ ಹಸಿರುನೀಲಿ ಕಲ್ಲನ್ನು ಅಗೆಸುತ್ತಿದ್ದರು. ಗಣಿಯ ಪಕ್ಕದಲ್ಲೇ ಹಾಥೋರ್ ದೇವಿಯ ಗುಡಿ. 1905ರಲ್ಲಿ ಫ್ಲಿಂಡರ್ಸ್ ಪೆಟ್ರಿ ಅಲ್ಲಿ ಉತ್ಖನನ ಮಾಡಿದಾಗ ಮರಳುಗಲ್ಲಿನ ಒಂದು ಪುಟ್ಟ ಸ್ಫಿಂಕ್ಸ್ ದೊರೆಯಿತು. ಈಗ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ಮೈಮೇಲೆ ಈಜಿಪ್ಟಿನ ಚಿತ್ರಲಿಪಿಯ ಜೊತೆಗೆ ಯಾರೂ ಓದಲಾಗದ ಒಡ್ಡೊಡ್ಡಾದ ಕೆಲವು ಗುರುತುಗಳಿದ್ದವು. 1916ರಲ್ಲಿ ಅಲನ್ ಗಾರ್ಡಿನರ್ ಎಂಬ ವಿದ್ವಾಂಸ ಆ ಗುರುತುಗಳಲ್ಲಿ ನಾಲ್ಕನ್ನು ಓದಿದ: ಮನೆ, ಕಣ್ಣು, ದನ ಹೊಡೆಯುವ ಕೋಲು, ಕೊನೆಗೆ ಅಡ್ಡಹಾಯ್ದ ಎರಡು ಗೆರೆ. ಸೇರಿಸಿದರೆ ‘ಬಾಲತ್’. ಒಡತಿ, ದೇವಿ ಎಂದು ಅರ್ಥ.

ಅವನು ಓದಿದ ಬಗೆ ಕನ್ನಡ ಬಾಲಬೋಧೆ ಕಲಿತವರಿಗೆ ಕಷ್ಟವಲ್ಲ. ‘ಅ’ ಎಂದರೆ ಅರಸ, ‘ಆ’ ಎಂದರೆ ಆನೆ ಎಂದು ನಾವು ಕಲಿಯುತ್ತೇವೆ. ಅಕ್ಷರ ಮೊದಲು, ಚಿತ್ರ ಆಮೇಲೆ. ಆ ಗಣಿಯ ಜನ ಮಾಡಿದ್ದು ಇದರ ತಿರುಗುಮುರುಗು. ಆನೆಯ ಚಿತ್ರವನ್ನೇ ಬರೆದು ‘ಆ’ ಎಂದು ಓದಿದ ಹಾಗೆ. ಅವರ ಮಾತಿನಲ್ಲಿ ಎತ್ತಿಗೆ ಅಲೆಫ್, ಮನೆಗೆ ಬೇತ್, ಕಣ್ಣಿಗೆ ಅಯಿನ್. ಎತ್ತಿನ ತಲೆಯೇ ಮೊದಲ ಅಕ್ಷರವಾಯಿತು. ಹೆಚ್ಚುಕಡಿಮೆ ಎಲ್ಲ ಅಕ್ಷರಕ್ಕೂ ಹೀಗೆ ಒಂದು ವಸ್ತುವಿದೆ. ತಾವ್ ಎಂಬ ಪದಕ್ಕೆ ಮಾತ್ರ ‘ಗುರುತು’ ಎಂದೇ ಅರ್ಥ. ಅದು ಯಾವುದರ ಚಿತ್ರವೂ ಅಲ್ಲ. ‘ಇಲ್ಲಿ ಒಬ್ಬ ಮನುಷ್ಯ ಗುರುತು ಹಾಕಿದ್ದಾನೆ’ ಎನ್ನುವುದಷ್ಟೇ ಅದು ಹೇಳುವ ಮಾತು. ಮುಂದೆ ಇದರ ಮೇಲೆ ಇಷ್ಟೆಲ್ಲ ಅರ್ಥಗಳು ಹೊರೆಯಾಗಿ ಕೂರಲು ಈ ಬರಿದೇ ಕಾರಣವೆಂದು ನನಗೆ ಅನ್ನಿಸುತ್ತದೆ.

ನಾನು ಚಿಕ್ಕವನಿದ್ದಾಗ ಬಟ್ಟೆ ಒಯ್ಯಲು ಬರುತ್ತಿದ್ದ ಮಡಿವಾಳರು ಒಂದೊಂದು ಮನೆಯ ಬಟ್ಟೆಗೆ ಒಂದೊಂದು ಗುರುತು ಹಾಕುತ್ತಿದ್ದರು. ಕರಿಗೇರು ಕಾಯಿಯ ರಸದಲ್ಲಿ, ಅಂಚಿನ ಒಳಬದಿಗೆ. ಒಂದು ಮನೆಗೆ ಮೂರು ಚುಕ್ಕಿ, ಇನ್ನೊಂದಕ್ಕೆ ಗೆರೆ ಮತ್ತು ಚುಕ್ಕಿ, ನಮ್ಮ ಮನೆಗೆ ಅಡ್ಡಗೆರೆ. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಅವರಿಗೆ ಓದುಬರಹ ಬರುತ್ತಿರಲಿಲ್ಲ, ಒಂದು ಬಟ್ಟೆಯೂ ಅದಲುಬದಲಾಗುತ್ತಿರಲಿಲ್ಲ. ತಾವ್ ಎಂಬ ಪದದ ಅರ್ಥ ಓದಿದಾಗೆಲ್ಲ ನನಗೆ ನೆನಪಾಗುವುದು ಅಪ್ಪನ ಪಂಚೆಯ ಮೂಲೆಯ ಆ ಕಂದುಗಪ್ಪು ಗುರುತು.

ಹೀಬ್ರೂ ಬೈಬಲ್ಲಿನಲ್ಲಿ ಈ ಪದ ಬರುವ ಜಾಗಗಳು ಕೆಲವೇ. ಒಂದು ಯೋಬನ ಗ್ರಂಥದಲ್ಲಿ. ಆಸ್ತಿ, ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬ ತಾನು ತಪ್ಪು ಮಾಡಿಲ್ಲವೆಂದು ದೇವರೆದುರು ದೀರ್ಘವಾಗಿ ವಾದಿಸಿ, ಕಡೆಗೆ ದಸ್ತಾವೇಜಿಗೆ ಹೆಬ್ಬೆಟ್ಟು ಒತ್ತುವವನಂತೆ ‘ಇದೋ ನನ್ನ ತಾವ್’ ಎಂಬರ್ಥದ ಮಾತಾಡುತ್ತಾನೆ. ಅಲ್ಲಿ ಅದು ಸಹಿ.

ಇನ್ನೊಂದು ಜಾಗ ಯೆಹೆಜ್ಕೇಲನ ಒಂಬತ್ತನೆಯ ಅಧ್ಯಾಯ. ಗೂಢಾರ್ಥಗಳ ಹೊಳೆಯೆಲ್ಲ ಹುಟ್ಟಿದ್ದು ಈ ಒರತೆಯಿಂದ. ಕ್ರಿ.ಪೂ. ಆರನೆಯ ಶತಮಾನದ ಆರಂಭದಲ್ಲಿ ಬಾಬಿಲೋನಿಗೆ ಸೆರೆಹೋದ ಪ್ರವಾದಿ ಅವನು. ಜೆರುಸಲೇಮಿನ ನಾಶ ಅವನಿಗೆ ದರ್ಶನದಲ್ಲಿ ಕಾಣಿಸುತ್ತದೆ. ಆಯುಧ ಹಿಡಿದ ಸಂಹಾರಕರು ಬರುತ್ತಾರೆ. ಅವರ ನಡುವೆ ನಾರುಮಡಿ ಉಟ್ಟವನೊಬ್ಬ. ಅವನ ಸೊಂಟದಲ್ಲಿ ಕತ್ತಿಯಿಲ್ಲ, ಕರಣಿಕನ ಮಸಿಕುಡಿಕೆ ಇದೆ. ಊರಿನಲ್ಲಿ ನಡೆಯುವ ಹೇಯ ಕೃತ್ಯಗಳಿಗಾಗಿ ನಿಟ್ಟುಸಿರಿಟ್ಟು ನರಳುವವರ ಹಣೆಯ ಮೇಲೆ ತಾವ್ ಬರೆಯುತ್ತಾ ಹೋಗು ಎಂದು ಅವನಿಗೆ ಅಪ್ಪಣೆಯಾಗುತ್ತದೆ. ಆ ಗುರುತು ಇದ್ದವರನ್ನು ಬಿಟ್ಟು ಉಳಿದವರನ್ನು ಕೊಲ್ಲಿ ಎಂದು ಸಂಹಾರಕರಿಗೆ ಅಪ್ಪಣೆ. ಯೆಹೆಜ್ಕೇಲನ ಕಾಲದ ಹೀಬ್ರೂ ಬರಹದಲ್ಲಿ ತಾವ್ ಎಂದರೆ ಅಡ್ಡಹಾಯ್ದ ಎರಡು ಗೆರೆಯೇ.

ಈ ಕಥೆಯನ್ನು ತಾಲ್ಮುದ್ ಗ್ರಂಥದ ರಬ್ಬಿಗಳು ಸುಮ್ಮನೆ ಬಿಡಲಿಲ್ಲ. ಯಾಕೆ ತಾವ್? ಬೇರೆ ಅಕ್ಷರ ಯಾಕಲ್ಲ? ಅವರ ಒಂದು ಉತ್ತರ ಹೀಗಿದೆ: ‘ನೀನು ಬದುಕುವೆ’ ಎಂಬ ಹೀಬ್ರೂ ಮಾತು ಶುರುವಾಗುವುದು ತಾವ್‌ನಿಂದ, ‘ನೀನು ಸಾಯುವೆ’ ಎಂಬುದು ಶುರುವಾಗುವುದೂ ತಾವ್‌ನಿಂದ. ಸಜ್ಜನರಿಗೆ ಮಸಿಯಲ್ಲಿ ಬರೆದ ತಾವ್, ದುರ್ಜನರಿಗೆ ರಕ್ತದಲ್ಲಿ ಬರೆದ ತಾವ್. ಆಕಾರ ಒಂದೇ, ಬರೆದ ದ್ರವ ಬೇರೆ. ಇನ್ನೊಂದು ಉತ್ತರ: ದೇವರ ಮುದ್ರೆ ‘ಎಮೆತ್’, ಅಂದರೆ ಸತ್ಯ, ಆ ಪದದ ಕೊನೆಯ ಅಕ್ಷರ ತಾವ್. ಮೊದಲ ಅಕ್ಷರ ಅಲೆಫನ್ನು ಅಳಿಸಿದರೆ ಉಳಿಯುವುದು ‘ಮೆತ್’, ಸತ್ತವನು. ಮಣ್ಣಿನ ಗೊಂಬೆಗೆ ಹಣೆಬರಹ ಬರೆದು ಜೀವ ತುಂಬುವ, ಒಂದಕ್ಷರ ಅಳಿಸಿ ಮತ್ತೆ ಮಣ್ಣಾಗಿಸುವ ಗೋಲೆಮ್ ಐತಿಹ್ಯ ಬೆಳೆದದ್ದು ಇದೇ ಅಕ್ಷರದಾಟದಿಂದ.

ಅದೇ ಪುಟದಲ್ಲಿ ಇನ್ನೂ ಒಂದು ಸಂಗತಿ ಇದೆ. ಗೂಢವಿದ್ಯೆಯ ಪುಸ್ತಕಗಳು ಅದನ್ನು ಎತ್ತುವುದೇ ಕಡಿಮೆ; ನನಗಂತೂ ಈ ಇಡೀ ಚರಿತ್ರೆಯಲ್ಲಿ ಅದಕ್ಕಿಂತ ತೂಕದ ಮಾತು ಸಿಕ್ಕಿಲ್ಲ. ದೇವರು ಸಜ್ಜನರ ಹಣೆಗೆ ಮಸಿಯ ತಾವ್ ಬರೆಸಿದ ಮೇಲೆ ನ್ಯಾಯವೆಂಬ ಶಕ್ತಿ ಎದುರು ನಿಂತು ಕೇಳುತ್ತದೆ: ಇವರಿಗೂ ಅವರಿಗೂ ಏನು ವ್ಯತ್ಯಾಸ? ಇವರು ಪೂರ್ಣ ನೀತಿವಂತರು ಎನ್ನುತ್ತಾನೆ ದೇವರು. ಆದರೆ ತಡೆಯುವ ಶಕ್ತಿ ಇದ್ದೂ ಇವರು ತಡೆಯಲಿಲ್ಲವಲ್ಲ ಎನ್ನುತ್ತದೆ ನ್ಯಾಯ. ತಡೆದಿದ್ದರೂ ಆ ಜನ ಕೇಳುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ನಿನಗೆ ಗೊತ್ತಿತ್ತು, ಇವರಿಗೆ ಗೊತ್ತಿತ್ತೇ? ಈ ಪ್ರಶ್ನೆಗೆ ಉತ್ತರವಿಲ್ಲ. ಸಂಹಾರ ಶುರುವಾಗುವುದು ಗುಡಿಯ ಮುಂದಿದ್ದ ಹಿರಿಯರಿಂದಲೇ, ಹಣೆಯಲ್ಲಿ ಗುರುತಿದ್ದವರಿಂದಲೇ. ತಾಯಿತ ಕಟ್ಟಿಕೊಂಡರೆ ಸಾಕು, ಗುರುತು ಕಾಪಾಡುತ್ತದೆ ಎಂಬ ನಂಬಿಕೆಯನ್ನು ಆ ರಬ್ಬಿಗಳು ಒಳಗಿನಿಂದಲೇ ಮುರಿದಿದ್ದರು.

ಕ್ರೈಸ್ತರ ಕೈಗೆ ಬಂದಾಗ ಈ ಗುರುತು ಇನ್ನೊಂದು ದಿಕ್ಕಿಗೆ ತಿರುಗಿತು. ಎರಡನೆಯ ಶತಮಾನದ ‘ಬಾರ್ನಬನ ಪತ್ರ’ದಲ್ಲಿ ಒಂದು ಲೆಕ್ಕವಿದೆ. ಅಬ್ರಹಾಮನ ಬಳಿ 318 ಮಂದಿ ಸೇವಕರಿದ್ದರೆಂದು ಬೈಬಲ್ ಹೇಳುತ್ತದೆ. ಗ್ರೀಕರಿಗೆ ಬೇರೆ ಅಂಕಿಗಳಿರಲಿಲ್ಲ, ಅಕ್ಷರಗಳೇ ಅಂಕಿ. ಅಯೋಟ ಎಂದರೆ 10, ಈಟ ಎಂದರೆ 8. ಎರಡೂ ಯೇಸುವಿನ ಗ್ರೀಕ್ ಹೆಸರಿನ ಮೊದಲಕ್ಷರಗಳು. ತೌ ಎಂದರೆ 300, ಅದು ಶಿಲುಬೆ. ಹಾಗಾದರೆ ಅಬ್ರಹಾಮನಿಗೆ ಮೊದಲೇ ಎಲ್ಲ ತಿಳಿದಿತ್ತು! ಬರೆದವನಿಗೆ ಇದು ತನ್ನ ಅತ್ಯುತ್ತಮ ಬೋಧನೆಯೆಂಬ ಹೆಮ್ಮೆ. ಮೂಲ ಹೀಬ್ರೂ, ಲೆಕ್ಕ ಗ್ರೀಕ್ ಭಾಷೆಯದು ಎಂಬುದು ಅವನನ್ನು ತಡೆಯಲಿಲ್ಲ. ಅಕ್ಷರಗಳಿಂದ ರಹಸ್ಯ ತೆಗೆಯುವ ಎಲ್ಲ ಪದ್ಧತಿಗಳಲ್ಲೂ ಈ ದೋಷ ಕಾಣುತ್ತದೆ: ಇಟ್ಟವನೇ ಹುಡುಕುವವನು.

ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಓರಿಜೆನ್ ಹೆಚ್ಚು ಪ್ರಾಮಾಣಿಕ. ತಾವ್ ಬಗ್ಗೆ ಅವನು ಯೆಹೂದ್ಯರನ್ನೇ ಕೇಳಿದ. ಒಬ್ಬ ಹೇಳಿದ: ಅದು ಕೊನೆಯ ಅಕ್ಷರ, ಪೂರ್ಣತೆಯ ಸಂಕೇತ. ಇನ್ನೊಬ್ಬ: ಧರ್ಮಶಾಸ್ತ್ರ, ಅಂದರೆ ತೋರಾ, ಶುರುವಾಗುವ ಅಕ್ಷರ. ಕ್ರಿಸ್ತನನ್ನು ನಂಬಿದ್ದ ಮೂರನೆಯವನು ಹೇಳಿದ್ದು: ಹಳೆಯ ಬರಹದಲ್ಲಿ ತಾವ್ ಶಿಲುಬೆಯಂತಿತ್ತು. ಲಿಪಿಶಾಸ್ತ್ರದ ದೃಷ್ಟಿಯಿಂದ ಈ ಮೂರನೆಯ ಮಾತು ಅಚ್ಚರಿಗೊಳಿಸುವಷ್ಟು ಸರಿ. ಓರಿಜೆನ್ನನ ಕಾಲಕ್ಕೆ ಯೆಹೂದ್ಯರು ಅರಾಮಿಕ್ ಮೂಲದ ಚೌಕ ಲಿಪಿಗೆ ಬಂದು ಶತಮಾನಗಳೇ ಆಗಿದ್ದವು. ಅದರ ತಾವ್ ಬಾಗಿಲ ಚೌಕಟ್ಟಿನಂತೆ ಇರುತ್ತದೆ. ಅಳಿದ ಅಕ್ಷರದ ನೆನಪು ಎಲ್ಲೋ ಉಳಿದುಕೊಂಡಿತ್ತು.

ಈ ಹೊತ್ತಿಗಾಗಲೇ ಈಜಿಪ್ಟಿನ ಕ್ರೈಸ್ತ ಲಿಪಿಕಾರರು ಇನ್ನೊಂದು ಕೆಲಸ ಮಾಡಿದ್ದರು. ‘ಶಿಲುಬೆ’ ಎಂಬ ಗ್ರೀಕ್ ಪದ ಬರೆಯುವಾಗ ಅದರೊಳಗಿನ ತೌ ಮತ್ತು ರೋ ಅಕ್ಷರಗಳನ್ನು ಒಂದರ ಮೇಲೊಂದು ಕೂಡಿಸಿ ಬರೆದರು. ರೋ ಅಕ್ಷರದ ಗುಂಡು ತಲೆ ತೌನ ಅಡ್ಡಪಟ್ಟಿಯ ಮೇಲೆ ಎದ್ದಾಗ, ಮರಕ್ಕೆ ತೂಗುಹಾಕಿದ ಮನುಷ್ಯನ ಆಕಾರ ಪದದ ನಡುವೆ ಮೂಡುತ್ತದೆ. ಹಲವು ವಿದ್ವಾಂಸರು ಕ್ರಿ.ಶ. 200ರ ಆಸುಪಾಸಿಗೆ ಇಡುವ ಪಪೈರಸ್ ಹಾಳೆಗಳಲ್ಲಿ ಇದು ಕಾಣುತ್ತದೆ. ಚಿತ್ರಕಲೆ ಶಿಲುಬೆಯ ಮೇಲಿನ ಯೇಸುವನ್ನು ಬಿಡಿಸಲು ಧೈರ್ಯ ಮಾಡುವುದಕ್ಕೆ ಎಷ್ಟೋ ಮೊದಲೇ ಅಕ್ಷರ ಬಿಡಿಸಿತ್ತು. ಕ್ರಿ.ಶ. 312ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯ ಯುದ್ಧದೊಂದಿಗೆ ಹೆಸರಾದ ಖೀ-ರೋ ಕೂಡಕ್ಷರವೂ ಹೊಸದಲ್ಲ. ಅದಕ್ಕೆ ಐದು ಶತಮಾನ ಹಿಂದಿನ ಈಜಿಪ್ಟಿನ ಅರಸ ಮೂರನೆಯ ಟಾಲೆಮಿಯ ಕಂಚಿನ ನಾಣ್ಯದಲ್ಲೇ ಅದಿದೆ, ಕ್ರಿಸ್ತನ ಸಂಬಂಧವಿಲ್ಲದೆ.

ಕ್ರಿ.ಶ. 391ರಲ್ಲಿ ಅಲೆಕ್ಸಾಂಡ್ರಿಯದ ಸೆರಾಪಿಸ್ ದೇವಾಲಯವನ್ನು ಕೆಡವಿದಾಗ ಕಲ್ಲುಗಳ ಮೇಲೆ ಶಿಲುಬೆಯಂಥ ಗುರುತುಗಳು ಕಂಡವು ಎಂದು ಚರಿತ್ರೆಕಾರ ಸೊಕ್ರೆಟಿಸ್ ಬರೆದಿದ್ದಾನೆ. ಇವನು ತತ್ತ್ವಜ್ಞಾನಿಯಲ್ಲ, ಕ್ರಿ.ಶ. ಐದನೆಯ ಶತಮಾನದವನು. ಕೆಡವುತ್ತಿದ್ದವರೂ ಕೆಡವಿಸಿಕೊಂಡವರೂ ಇದು ನಮ್ಮದು ಎಂದು ಜಗಳಾಡಿದರು. ಚಿತ್ರಲಿಪಿ ಬಲ್ಲವರು ಬಂದು ಅದರ ಅರ್ಥ ‘ಬರಲಿರುವ ಜೀವನ’ ಎಂದರಂತೆ. ಅದು ಬಹುಶಃ ಅಂಖ್, ಮೇಲೆ ಕುಣಿಕೆ ಇರುವ ಈಜಿಪ್ಟಿನ ಗುರುತು. ಅದಕ್ಕೆ ‘ಜೀವ’ ಎಂದೇ ಅರ್ಥ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ಮುಂದೆ ಅದನ್ನೇ ತಮ್ಮ ಶಿಲುಬೆಯಾಗಿ ಇಟ್ಟುಕೊಂಡರು. ತಾವ್‌ಗೂ ಅಂಖ್‌ಗೂ ಹುಟ್ಟಿನ ಸಂಬಂಧವಿಲ್ಲ. ಎರಡು ಬೇರೆ ಊರಿನ ಹೊಳೆ ಒಂದೇ ಕಡಲಿಗೆ ಬಂದಂತೆ ಅವು ಒಂದು ಅರ್ಥದೊಳಗೆ ಬಂದು ಬಿದ್ದವು.

ಈ ವಿಷಯದಲ್ಲಿ ಅತಿ ಹೆಚ್ಚು ಮಸಿ ಹರಿದಿರುವುದು ಐದು ಪದಗಳ ಒಂದು ಚೌಕದ ಮೇಲೆ: ಸಾತೋರ್, ಅರೆಪೋ, ತೆನೆತ್, ಓಪೆರಾ, ರೋತಾಸ್. ಲ್ಯಾಟಿನ್‌ನಲ್ಲಿ ಒಂದೊಂದರಲ್ಲೂ ಐದಕ್ಷರ. ಒಂದರ ಕೆಳಗೊಂದು ಬರೆದರೆ ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಹೇಗೆ ಓದಿದರೂ ಅದೇ ಸಾಲು. ಬಿತ್ತುವವನು ಅರೆಪೋ ಚಕ್ರಗಳನ್ನು ಶ್ರಮದಿಂದ ಹಿಡಿದಿದ್ದಾನೆ ಎಂಬಂಥ ಅರ್ಥ ಹೊರಡುತ್ತದೆ. ‘ಅರೆಪೋ’ ಎಂಬ ಪದ ಲ್ಯಾಟಿನ್ನಿನಲ್ಲಿ ಬೇರೆಲ್ಲೂ ಇಲ್ಲ. ನಡುವಿನ ‘ತೆನೆತ್’ ಅಡ್ಡಕ್ಕೂ ಉದ್ದಕ್ಕೂ ಹಾಯ್ದು ಚೌಕದ ಹೃದಯದಲ್ಲಿ ಶಿಲುಬೆ ಕಟ್ಟುತ್ತದೆ. ಆ ಶಿಲುಬೆಯ ನಾಲ್ಕೂ ತುದಿಯಲ್ಲಿ ತಕಾರ, ಪ್ರತಿ ತಕಾರದ ಅಕ್ಕಪಕ್ಕದಲ್ಲಿ ಅಕಾರ ಮತ್ತು ಓಕಾರ, ಅಂದರೆ ಆದಿ ಮತ್ತು ಅಂತ್ಯ. 1926ರಲ್ಲಿ ಫೆಲಿಕ್ಸ್ ಗ್ರೋಸರ್ ಎಂಬಾತ ಇಪ್ಪತ್ತೈದೂ ಅಕ್ಷರಗಳನ್ನು ಬಿಚ್ಚಿ ಮರುಜೋಡಿಸಿ ತೋರಿಸಿದ. ‘ನಮ್ಮ ತಂದೆಯೇ’ ಎಂಬರ್ಥದ ‘ಪಾತೆರ್ ನೋಸ್ತೆರ್’ ಎರಡು ಸಲ ಬಂದು ಶಿಲುಬೆಯಾಗಿ ಹಾಯುತ್ತದೆ. ಉಳಿಯುವುದು ಎರಡು ಅಕಾರ, ಎರಡು ಓಕಾರ. ಹಿಂಸೆಯ ಕಾಲದಲ್ಲಿ ಕ್ರೈಸ್ತರು ಒಬ್ಬರನ್ನೊಬ್ಬರು ಗುರುತಿಸಲು ಬಳಸಿದ ಗುಪ್ತಲಿಪಿ ಇದು ಎಂದು ಯೂರೋಪು ಮೈಮರೆಯಿತು.

ಆಮೇಲೆ ಪಾಂಪೆಯ ಸಾಕ್ಷ್ಯ ಬಂತು. 1925ರಲ್ಲಿ ಅಲ್ಲಿ ಸಿಕ್ಕಿದ್ದ ಒಂದು ತುಣುಕಿನ ಮಹತ್ವ, 1936ರಲ್ಲಿ ವ್ಯಾಯಾಮಶಾಲೆಯ ಕಂಬದ ಮೇಲೆ ಪೂರ್ಣ ಚೌಕ ಸಿಕ್ಕಮೇಲೆ ತಿಳಿಯಿತು. ವೆಸುವಿಯಸ್ಸಿನ ಬೂದಿ ಪಾಂಪೆಯನ್ನು ಮುಚ್ಚಿದ್ದು ಕ್ರಿ.ಶ. 79ರಲ್ಲಿ. ಆದಿ-ಅಂತ್ಯಗಳನ್ನು ಆಲ್ಫಾ-ಒಮೆಗಾ ಎನ್ನುವ ‘ಪ್ರಕಟನೆ’ ಗ್ರಂಥವನ್ನು ಹೆಚ್ಚಿನ ವಿದ್ವಾಂಸರು ಅದಕ್ಕಿಂತ ಈಚಿನದೆನ್ನುತ್ತಾರೆ. ಆಗಿನ ಕ್ರೈಸ್ತರ ಪ್ರಾರ್ಥನೆಯ ಭಾಷೆಯೂ ಲ್ಯಾಟಿನ್ ಅಲ್ಲ, ಗ್ರೀಕ್. ನನ್ನ ಮಟ್ಟಿಗೆ ಇದು ಮೊದಲು ಯಾರೋ ಜಾಣ ರೋಮನ್ನನ ಅಕ್ಷರದಾಟ. ನಮ್ಮಲ್ಲಿ ಭಾರವಿಯ ‘ಕಿರಾತಾರ್ಜುನೀಯ’ದ ಹದಿನೈದನೆಯ ಸರ್ಗದಲ್ಲಿ ‘ಸರ್ವತೋಭದ್ರ’ ಎಂಬ ಪದ್ಯವಿದೆ. ಅದನ್ನೂ ಎತ್ತಲಿಂದ ಓದಿದರೂ ಅದೇ. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ತನ್ನನ್ನು ಕಾಳಿದಾಸನಿಗೂ ಭಾರವಿಗೂ ಸಮನೆಂದು ಹೇಳಿಕೊಂಡನಷ್ಟೆ. ಅಂಥ ಪದ್ಯ ಕಟ್ಟಿದವನನ್ನು ನಮ್ಮವರು ಕವಿಯೆಂದರು, ಅದರೊಳಗೆ ಗುಪ್ತಪಂಥ ಹುಡುಕಲಿಲ್ಲ.

ಹಾಗೆಂದು ಸಾತೋರ್ ಚೌಕದ ಮುಂದಿನ ಬದುಕನ್ನು ತಳ್ಳಿಹಾಕುವಂತಿಲ್ಲ. ಮಧ್ಯಯುಗದ ಯೂರೋಪಿನಲ್ಲಿ ಹೆರಿಗೆ ಕಷ್ಟವಾದ ಹೆಂಗಸರಿಗೆ, ಹುಚ್ಚುನಾಯಿ ಕಚ್ಚಿದವರಿಗೆ, ಮನೆಗೆ ಬೆಂಕಿ ಬೀಳದಿರಲೆಂದು ಅದನ್ನು ಬರೆದು ಕೊಟ್ಟರು. ಇಥಿಯೋಪಿಯಕ್ಕೆ ಹೋದಾಗ ಆ ಐದು ಪದ ಸಾದೋರ್, ಅಲಾದೋರ್, ದಾನತ್, ಅದೇರಾ, ರೋದಾಸ್ ಎಂದಾಗಿ, ಯೇಸುವಿಗೆ ಹೊಡೆದ ಐದು ಮೊಳೆಗಳ ಹೆಸರೆಂಬ ಅರ್ಥ ಪಡೆಯಿತು. ಅಕ್ಷರದಾಟ ಅಲ್ಲಿ ಗಾಯವಾಯಿತು. ಅದನ್ನು ಬರೆಸಿಕೊಂಡ ಬಸುರಿಯ ಸಂಕಟ ಹುಸಿಯಲ್ಲ.

ಈಗ ನಮ್ಮ ಮಣ್ಣಿಗೆ ಬರುತ್ತೇನೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಂಡ ಶಾಸನದಲ್ಲಿ, ‘ದೇವಾನಾಂಪ್ರಿಯ’ ಎಂಬಂಥ ಬಿರುದುಗಳನ್ನಷ್ಟೇ ಬಹುತೇಕ ಕಡೆ ಹೇಳಿಕೊಂಡ ಅರಸ ತನ್ನ ಹೆಸರು ಹೇಳಿದ್ದಾನೆ: ಅಸೋಕ. ಬ್ರಾಹ್ಮಿ ಲಿಪಿಯಲ್ಲಿ ಆ ಹೆಸರಿನ ಮೂರನೆಯ ಅಕ್ಷರ ನೋಡಿ. ನೆಟ್ಟಗೊಂದು ಗೆರೆ, ಅಡ್ಡಕ್ಕೊಂದು ಗೆರೆ. ಬ್ರಾಹ್ಮಿಯ ‘ಕ’ ಎಂದರೆ ಶಿಲುಬೆಯ ಆಕಾರವೇ. ಕಾಲ ಸರಿದಂತೆ ಅದರ ನಿಲುವುಗೆರೆ ಉದ್ದವಾಯಿತು, ತಲೆಕಟ್ಟು ಬಂತು, ಗೆರೆಗಳು ಬಾಗಿ ಕುಣಿಕೆಯಾದವು. ಇಂದಿನ ನಮ್ಮ ‘ಕ’ದ ನಡುವೆ ಹಾಯುವ ಅಡ್ಡಗೆರೆ ಆ ಹಳೆಯದರದ್ದೇ ಉಳಿಕೆ. ಕನ್ನಡ, ಕರ್ನಾಟಕ ಎಂದು ಬರೆವಾಗಲೆಲ್ಲ ಅದನ್ನು ಎಳೆಯುತ್ತೇವೆ. ಬ್ರಾಹ್ಮಿ ಫಿನೀಷಿಯ ಮೂಲದ್ದೆಂದು ವಿದ್ವಾಂಸ ಬ್ಯೂಲರ್ ವಾದಿಸಿದ್ದ, ಆ ಚರ್ಚೆ ಇನ್ನೂ ಮುಗಿದಿಲ್ಲ. ಮೂಲ ಏನೇ ಇರಲಿ, ತಾವ್ ಮತ್ತು ಕ ಒಂದೇ ಧ್ವನಿಯಲ್ಲ. ಆಕಾರ ಮಾತ್ರ ಒಂದು.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇನ್ನೂ ಹತ್ತಿರದ ಕೊಂಡಿ ಇದೆ. ಅಶೋಕನ ಶಾಸನ ಬರೆದ ಚಪಡನೆಂಬ ಲಿಪಿಕಾರ ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕರೇಣ’ ಎಂಬ ಕೊನೆಯ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ಅರಾಮಿಕ್ ಲಿಪಿಯಿಂದ ಬಂದದ್ದು, ಅರಾಮಿಕ್ ಫಿನೀಷಿಯದಿಂದ. ಸಿನಾಯ್ ಗಣಿಯ ವಂಶದ ಅಕ್ಷರಗಳು ಮೊಳಕಾಲ್ಮೂರು ಸೀಮೆಯ ಬಂಡೆಯ ಮೇಲೆ, ಒಬ್ಬ ಬರಹಗಾರನ ಸಹಿಯಲ್ಲಿ ಕೂತಿವೆ.

ನಮ್ಮಲ್ಲಿ ‘ಕ’ದ ಶಿಲುಬೆಯಾಕಾರಕ್ಕೆ ಯಾವ ಗೂಢಾರ್ಥವೂ ಯಾಕೆ ಹುಟ್ಟಲಿಲ್ಲ? ಅಕ್ಷರರಹಸ್ಯ ನಮಗೇನೂ ಹೊಸದಲ್ಲ. ಮಾತೃಕೆಗಳು, ಬೀಜಾಕ್ಷರಗಳು, ನ್ಯಾಸ ಎಲ್ಲ ಇವೆ. ಆದರೆ ತಂತ್ರಶಾಸ್ತ್ರ ಶಕ್ತಿಯನ್ನು ಇಟ್ಟದ್ದು ಮುಖ್ಯವಾಗಿ ನಾದದಲ್ಲಿ. ‘ಹ್ರೀಂ’ ಎಂಬುದನ್ನು ಕನ್ನಡದಲ್ಲಿ ಬರೆಯಿರಿ, ಗ್ರಂಥಲಿಪಿಯಲ್ಲಿ ಬರೆಯಿರಿ, ನಾಗರಿಯಲ್ಲಿ ಬರೆಯಿರಿ, ಬೀಜ ಅದೇ. ಲಿಪಿ ಬದಲಾಗುತ್ತಲೇ ಇದ್ದ ನಾಡಿನಲ್ಲಿ ಆಕಾರಕ್ಕೆ ಜೋತುಬೀಳುವುದು ಸಾಧ್ಯವಿರಲಿಲ್ಲ. ಸಿದ್ಧಂ ಲಿಪಿ ಬೌದ್ಧರೊಂದಿಗೆ ಜಪಾನಿಗೆ ಹೋದಾಗ, ಭಾಷೆ ತಿಳಿಯದ ಕಡೆ, ಅದರ ಆಕಾರವೇ ಪೂಜೆಗೆ ಬಂತು. ಪಶ್ಚಿಮದಲ್ಲಂತೂ ಅಕ್ಷರವೇ ಅಂಕಿ, ಅಕ್ಷರವೇ ಚಿತ್ರ. ಅಲ್ಲಿ ಕಣ್ಣು ಹುಡುಕಿದ್ದನ್ನು ಇಲ್ಲಿ ಕಿವಿ ಹುಡುಕಿತು.

ಯೂರೋಪಿನ ಪುನರುಜ್ಜೀವನ ಕಾಲದ ಗೂಢವಾದಿಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಯೆಹೂದ್ಯರ ಕಬ್ಬಾಲ ಎಂಬ ಗೂಢವಿದ್ಯೆ ಕಲಿತ ಜರ್ಮನಿಯ ರಾಯ್‌ಖ್ಲಿನ್, ದೇವರ ನಾಲ್ಕಕ್ಷರದ ಹೆಸರಿನ ನಡುವೆ ‘ಶಿನ್’ ಸೇರಿಸಿ ಯೇಸುವಿನ ಹೆಸರು ಹೊರಟಿತೆಂದ. ಇಂಗ್ಲೆಂಡಿನ ಗಣಿತಜ್ಞ ಜಾನ್ ಡೀ 1564ರಲ್ಲಿ ಆಂಟ್ವರ್ಪಿನಲ್ಲಿ ಪ್ರಕಟಿಸಿದ ‘ಮೊನಾಸ್ ಹೀರೋಗ್ಲಿಫಿಕ’ದಲ್ಲಿ ಚಂದ್ರ, ಸೂರ್ಯ, ಶಿಲುಬೆ, ಮೇಷರಾಶಿ ನಾಲ್ಕನ್ನೂ ಒಂದೇ ಗುರುತಾಗಿ ಹೆಣೆದ. ಶಿಲುಬೆಯನ್ನು ತುಂಡರಿಸಿದರೆ ರೋಮನ್ ಅಂಕಿಗಳ ಐವತ್ತು, ಐದು, ಹತ್ತು ಸಿಗುತ್ತವೆ. ಅವೇ ಅಕ್ಷರಗಳನ್ನು ಕೂಡಿಸಿ ಓದಿದರೆ ‘ಲುಕ್ಸ್’, ಬೆಳಕು. ಮರಣದ ಮರದಿಂದ ಬೆಳಕು ತೆಗೆಯುವ ಆ ಹಂಬಲದಲ್ಲಿ ನನಗೆ ಕವಿ ಕಾಣುತ್ತಾನೆ. ಆದರೆ 1781ರಲ್ಲಿ ಕೂರ್ ದ ಜೆಬೆಲಿನ್ ಎಂಬ ಲೇಖಕ, ಹದಿನೈದನೆಯ ಶತಮಾನದ ಉತ್ತರ ಇಟಲಿಯಲ್ಲಿ ಆಟಕ್ಕೆಂದು ಹುಟ್ಟಿದ ಟ್ಯಾರೋ ಎಲೆಗಳನ್ನು ಪ್ರಾಚೀನ ಈಜಿಪ್ಟಿನ ಜ್ಞಾನಗ್ರಂಥವೆಂದಾಗ ಕವಿತೆಯೂ ಇಲ್ಲ, ಸತ್ಯವೂ ಇಲ್ಲ. ಶಾಂಪೋಲಿಯೋ ಈಜಿಪ್ಟಿನ ಲಿಪಿಯನ್ನು ಬಿಡಿಸಿದ್ದು 1822ರಲ್ಲಿ. ಅದಕ್ಕೆ ನಾಲ್ಕು ದಶಕ ಮೊದಲೇ ಆ ಟ್ಯಾರೋ ಕಟ್ಟಿನ 22 ಎಲೆಗಳಿಗೂ 22 ಹೀಬ್ರೂ ಅಕ್ಷರಗಳಿಗೂ ಗಂಟು ಬಿದ್ದಿತ್ತು. 1850ರ ದಶಕದಲ್ಲಿ ಗೂಢವಾದಿ ಎಲಿಫಾಸ್ ಲೆವಿ ಆ ಗಂಟನ್ನು ಬಿಗಿದ. 1888ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಗೋಲ್ಡನ್ ಡಾನ್’ ಪಂಥ ಶಿಲುಬೆಯ ನಡುವೆ 22 ದಳದ ಗುಲಾಬಿ ಅರಳಿಸಿ ಒಂದೊಂದು ದಳಕ್ಕೆ ಒಂದೊಂದು ಹೀಬ್ರೂ ಅಕ್ಷರ ಬರೆಯಿತು. ಇಂದು ಮಾರಾಟಕ್ಕಿರುವ ‘ಪ್ರಾಚೀನ’ ರಹಸ್ಯದಲ್ಲಿ ಬಹುಪಾಲು ಇಷ್ಟು ಈಚಿನದು. ಚೆನ್ನೈನ ಅಡ್ಯಾರಿನಲ್ಲಿರುವ ಥಿಯೊಸಾಫಿಕಲ್ ಸೊಸೈಟಿಯ ಲಾಂಛನ ನೋಡಿದವರಿಗೆ ಅಂಖ್, ಸ್ವಸ್ತಿಕ, ಓಂಕಾರ ಮೂರೂ ಒಂದೇ ಕಡೆ ಕೂತದ್ದು ನೆನಪಿರಬಹುದು. ಅದೂ ಆ ಕಾಲದ ಕೂಡಿಕೆಯೇ.

ಇವರೆಲ್ಲರಿಗಿಂತ ಮೊದಲು, 1215ರಲ್ಲಿ, ರೋಮಿನ ಲ್ಯಾಟರನ್ ಮಹಾಸಭೆಯನ್ನು ಆರಂಭಿಸುತ್ತ ಮೂರನೆಯ ಇನ್ನೊಸೆಂಟ್ ಪೋಪ್ ಯೆಹೆಜ್ಕೇಲನ ಆ ಮಸಿಕುಡಿಕೆಯ ಮನುಷ್ಯನ ಮಾತೆತ್ತಿದ್ದರು. ಆ ಹೊತ್ತಿಗಾಗಲೇ ಸಂತ ಅಂತೋನಿಯ ಹೆಸರಿನ ಸೇವಾಸಂಘದವರು, ಕೆಟ್ಟ ರೈ ಧಾನ್ಯ ತಿಂದು ಕೈಕಾಲು ಕಪ್ಪಾಗಿ ಉದುರುತ್ತಿದ್ದ ರೋಗಿಗಳನ್ನು ನೋಡಿಕೊಳ್ಳುತ್ತಿದ್ದರು. ಅವರ ನಿಲುವಂಗಿಯ ಮೇಲೆ ನೀಲಿ ತೌ. ಅಸ್ಸಿಸಿಯ ಸಂತ ಫ್ರಾನ್ಸಿಸನಿಗೂ ಆ ಗುರುತು ಪ್ರಿಯವಾಯಿತು. ಪತ್ರಗಳಿಗೆ ಹೆಸರಿನ ಬದಲು ತೌ ಬರೆದು ಸಹಿ ಮಾಡುತ್ತಿದ್ದ.

1224ರ ಶರತ್ಕಾಲ. ಲಾ ವೆರ್ನಾ ಬೆಟ್ಟದ ಮೇಲೆ ಫ್ರಾನ್ಸಿಸ್ ಕಾಯಿಲೆಯಲ್ಲಿದ್ದ, ಕಣ್ಣು ಮಂಜಾಗುತ್ತಿತ್ತು. ಜೊತೆಗಿದ್ದ ಲಿಯೋ ಎಂಬ ಸಹಸಂನ್ಯಾಸಿ ಯಾವುದೋ ಮಾನಸಿಕ ತಳಮಳದಲ್ಲಿ ಬೇಯುತ್ತಿದ್ದ. ಫ್ರಾನ್ಸಿಸ್ ಒಂದು ತೊಗಲಹಾಳೆ ಕೇಳಿ ಪಡೆದು, ಮೋಶೆಯ ಕಾಲದ ಹಳೆಯ ಆಶೀರ್ವಚನವನ್ನು ಬರೆದ. ಅದರ ಕೆಳಗೆ, ದೇವರು ನಿನ್ನನ್ನು ಹರಸಲಿ ಎಂದು ಲಿಯೋನ ಹೆಸರು ಹಿಡಿದು ಬರೆದು, ದೊಡ್ಡದೊಂದು ತೌ ಎಳೆದ. ಆ ಅಕ್ಷರದ ನಿಲುವುಗೆರೆ ಲಿಯೋ ಎಂಬ ಹೆಸರಿನ ನಡುವೆಯೇ ಹಾಯ್ದಿದೆ. ಹೆಸರು ಎರಡು ಭಾಗವಾಗಿ ಗೆರೆಯ ಅತ್ತಿತ್ತ ನಿಂತಿದೆ. ಲಿಯೋ ಅದನ್ನು ಮಡಚಿ ಮೈಮೇಲೆ ಇಟ್ಟುಕೊಂಡ. ಫ್ರಾನ್ಸಿಸ್ ಎರಡು ವರ್ಷಕ್ಕೆ ತೀರಿಕೊಂಡ. ಲಿಯೋ ಮುಂದೆ ನಾಲ್ಕು ದಶಕಕ್ಕೂ ಹೆಚ್ಚು ಬದುಕಿದ. ಮುದುಕನಾದ ಮೇಲೂ ಅದು ಅವನ ಬಳಿಯಲ್ಲೇ ಇತ್ತು. ಇದನ್ನು ಅವರೇ ತಮ್ಮ ಕೈಯಾರೆ ಬರೆದುಕೊಟ್ಟರು ಎಂದು ಕೆಂಪು ಮಸಿಯಲ್ಲಿ ಸಣ್ಣ ಅಕ್ಷರದಲ್ಲಿ ಅದರ ಮೇಲೆ ಟಿಪ್ಪಣಿ ಬರೆದಿಟ್ಟಿದ್ದಾನೆ. ಅಂಗೈಯಗಲದ ಆ ಹಾಳೆ ಅಸ್ಸಿಸಿಯ ಬೆಸಿಲಿಕಾದಲ್ಲಿ ಇಂದಿಗೂ ಇದೆ. ಅಂಚು ಸವೆದಿದೆ, ಮಡಿಕೆಯ ಗೆರೆಗಳು ಎದ್ದು ಕಾಣುತ್ತವೆ.